ತೂಕ ನೋಡಿ ಕೊಂಡ ಚಾರ್ಜರ್

ಸೋಮವಾರ ಬೆಳಿಗ್ಗೆ ಅರಸೀಕೆರೆಯಿಂದ ಮೈಸೂರಿನ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟೆಸ್ಟರ್, ಒಂದು ಕಟಿಂಗ್ ಪ್ಲೇಯರ್ ಮತ್ತು ಒಂದು ಸುರುಳಿ ಇನ್ಸುಲೇಷನ್ ಟೇಪು ಇದ್ದವು. ಮೂವತ್ತೊಂದು ವರ್ಷ ಮನೆಗಳಿಗೆ ವೈರಿಂಗ್ ಮಾಡಿದವನು ನಾನು. ಧರ್ಮಸ್ಥಳಕ್ಕೆ ಹೊರಟರೂ ಟೆಸ್ಟರ್ ಬಿಟ್ಟು ಹೋಗುವುದಿಲ್ಲ ಎಂದು ನನ್ನ ಹೆಂಡತಿ ಗೇಲಿ ಮಾಡುತ್ತಾಳೆ. ಈ ಸಲ ಮಾಡಲಿಲ್ಲ. ಕರೆಂಟಿನ ಕೆಲಸಕ್ಕೆಂದೇ ಅಕ್ಕ ನನ್ನನ್ನು ಕರೆಸಿದ್ದಳು.

ನೂರ ಅರವತ್ತು ಕಿಲೋಮೀಟರಿನ ಮೇಲೆ ಸ್ವಲ್ಪ, ನಾಲ್ಕು ಗಂಟೆಯ ದಾರಿ, ಟಿಕೆಟ್ಟು ನಲವತ್ತು ರೂಪಾಯಿ. ಆಷಾಢದ ಗಾಳಿ ಎಷ್ಟು ಜೋರಿತ್ತೆಂದರೆ ಹಾಸನ ದಾಟುವ ತನಕ ಕಿಟಕಿ ಎತ್ತಲು ಯಾರೂ ಬಿಡಲಿಲ್ಲ. ಹೊಳೆನರಸೀಪುರದಲ್ಲಿ ಎರಡು ವಡೆ ತಿಂದೆ. ಎಣ್ಣೆ ಕುಡಿದು ಊದಿದ್ದವು. ಎದುರಿಗೆ ಕೂತಿದ್ದ ಯಜಮಾನರೊಬ್ಬರು ಮೈಸೂರಲ್ಲಿ ಏನು ಕೆಲಸ ಎಂದು ಕೇಳಿದರು. ಟ್ಯಾಬ್ಲೆಟ್ಟಿಗೆ ಒಂದು ಚಾರ್ಜರ್ ತೆಗೆದುಕೊಡಬೇಕು ಎಂದೆ.

"ಒಂದ್ ಚಾರ್ಜರ್‌ಗೆ ಇಷ್ಟ್ ದೂರ ಹೊಂಟ್ರಾ? ಅದೇನ್ ಚಿನ್ನದ್ದಾ?" ಎಂದು ನಕ್ಕರು.

"ಯಾರ್ ಬೇಕಾದ್ರೂ ತರ್ಬೋದು ಸ್ವಾಮಿ. ಆರಿಸೋಕೆ ಗೊತ್ತಿರೋರು ಬೇಕಲ್ಲ?" ಎಂದೆ. ಆ ಮಾತನ್ನು ನಾನು ಎದೆ ಉಬ್ಬಿಸಿಯೇ ಹೇಳಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಕ್ಕನ ಹೆಸರು ಸರೋಜ. ಲಕ್ಷ್ಮೀಪುರಂನಲ್ಲಿ ಇಪ್ಪತ್ತನಾಲ್ಕು ವರ್ಷ ಊಟದ ಮೆಸ್ ನಡೆಸಿದವಳು. ಅಡುಗೆಮನೆಯಿಂದ "ಸಾರು ಯಾರಿಗ್ರೋ" ಎಂದು ಕೂಗಿದರೆ ರಸ್ತೆಯ ಕೊನೆಯ ಮನೆಯವರಿಗೆ ಹಸಿವಾಗುತ್ತಿತ್ತು. ಎರಡು ವರ್ಷದ ಹಿಂದೆ ನರದ ಕಾಯಿಲೆ ಬಂತು. ಮೊದಲು ನಾಲಿಗೆ ತೊದಲಿತು, ಆಮೇಲೆ ಕಾಲು, ಆಮೇಲೆ ಕೈ. ಈಗ ಉಳಿದಿರುವುದು ಬಲಗೈಯ ತೋರುಬೆರಳು ಒಂದೇ. ಆ ಬೆರಳಿನಿಂದ ಟ್ಯಾಬ್ಲೆಟ್ಟಿನ ಮೇಲೆ ಅಕ್ಷರ ಒತ್ತುತ್ತಾಳೆ, ಟ್ಯಾಬ್ಲೆಟ್ಟು ಅದನ್ನು ಹೆಂಗಸಿನ ದನಿಯಲ್ಲಿ ಓದುತ್ತದೆ. ಅವಳ ಬಾಯಿ ಅಂದರೆ ಅದೇ.

ನಿಲ್ದಾಣದಿಂದ ಲಕ್ಷ್ಮೀಪುರಂಗೆ ಆಟೋದವನು ನೂರು ಕೇಳಿ ಎಪ್ಪತ್ತಕ್ಕೆ ಬಂದ. ಅಕ್ಕನ ಮಗಳು ಹೇಮಾ ಬಾಗಿಲಲ್ಲೇ ಸಂಗತಿ ಹೇಳಿದಳು. ಟ್ಯಾಬ್ಲೆಟ್ಟಿನ ಜೊತೆ ಬಂದಿದ್ದ ಚಾರ್ಜರ್ ತಿಂಗಳ ಹಿಂದೆ ಸುಟ್ಟುಹೋಗಿತ್ತು. ಅಂದಿನಿಂದ ಯಾವುದೋ ಹಳೆಯ ಮೊಬೈಲಿನ ಚಾರ್ಜರ್ ಹಾಕುತ್ತಿದ್ದಾರೆ. ಅದು ತುಂಬಿಸುವುದಕ್ಕಿಂತ ಬೇಗ ಅಕ್ಕನ ಮಾತಿಗೆ ಖರ್ಚಾಗಿಬಿಡುತ್ತದೆ. ಬ್ಯಾಟರಿಗೂ ವಯಸ್ಸಾಗಿ, ವೈರ್ ತೆಗೆದರೆ ಹತ್ತು ನಿಮಿಷ ನಿಲ್ಲುವುದಿಲ್ಲ.

ಒಳಗೆ ಹೋದೆ. ಅಕ್ಕ ನನ್ನನ್ನು ನೋಡಿ ಬೆರಳು ಆಡಿಸಿದಳು. "ಬಂದ್ಯೇನೋ. ಕೈಕಾಲು ತೊಳೆದು ಊಟ ಮಾಡು" ಎಂದು ಟ್ಯಾಬ್ಲೆಟ್ಟು ಹೇಳಿತು. ವಾರ್ತೆ ಓದುವ ದನಿ, ಮಾತು ಮಾತ್ರ ಅಕ್ಕನದೇ.

ಆಮೇಲೆ ಅವಳು ಬಹಳ ಹೊತ್ತು ತೆಗೆದುಕೊಂಡು ಒತ್ತಿದಳು. "ಬುಧವಾರ ಡಾಕ್ಟರ್ ಹತ್ರ ನಾನೇ ಮಾತಾಡ್ಬೇಕು. ನೀವ್ಯಾರೂ ಬಾಯಿ ಹಾಕ್ಬೇಡಿ. ಅಷ್ಟು ಹೊತ್ತು ಚಾರ್ಜ್ ನಿಲ್ಲೋ ಹಾಗೆ ಮಾಡು."

ಬುಧವಾರದ ವಿಷಯ ಹೇಮಾ ಫೋನಿನಲ್ಲೇ ತಿಳಿಸಿದ್ದಳು. ಉಸಿರಾಟದ ಸ್ನಾಯುಗಳು ಸೋಲುವ ದಿನ ಹತ್ತಿರ ಬಂದಿದೆಯಂತೆ. ಆಗ ಗಂಟಲಿಗೆ ತೂತು ಮಾಡಿ ಉಸಿರಿನ ಯಂತ್ರ ಜೋಡಿಸಬಹುದು. ಇಲ್ಲವೇ ನೋವಾಗದಂತೆ ನೋಡಿಕೊಂಡು ಮನೆಯಲ್ಲೇ ಬಿಟ್ಟುಬಿಡಬಹುದು. ಎರಡರಲ್ಲಿ ಯಾವುದೆಂದು ರೋಗಿಯ ಬಾಯಿಂದಲೇ ಕೇಳಬೇಕು ಎಂದು ಡಾಕ್ಟರಮ್ಮ ದಿನ ಕೊಟ್ಟಿದ್ದರು.

"ಏನು ಹೇಳಬೇಕು ಅಂತಿದೀಯಕ್ಕ?" ಎಂದೆ.

"ಅವತ್ತೇ ಕೇಳ್ಕೊ" ಎಂದಿತು ಟ್ಯಾಬ್ಲೆಟ್ಟು. ಮರುಗಳಿಗೆ ಪರದೆ ಕಪ್ಪಾಯಿತು.

ಮಂಗಳವಾರ ಹತ್ತೂವರೆಗೆ ಪೇಟೆಗೆ ಹೋದೆ. ನಡೆದರೆ ಇಪ್ಪತ್ತು ನಿಮಿಷ. ಟ್ಯಾಬ್ಲೆಟ್ಟಿನ ಕಂಪನಿಯ ಚಾರ್ಜರ್ ಯಾವ ಅಂಗಡಿಯಲ್ಲೂ ಇರಲಿಲ್ಲ. ತರಿಸಿಕೊಡಲು ವಾರ ಬೇಕು ಎಂದರು. ಬೇರೆ ಕಂಪನಿಯದನ್ನೇ ಆರಿಸಬೇಕಾಯಿತು. ಸಯ್ಯಾಜಿರಾವ್ ರಸ್ತೆಯ ಪಕ್ಕದ ಓಣಿಯೊಂದರಲ್ಲಿ, ಬರೀ ಮೊಬೈಲ್ ಸಾಮಾನು ನೇತುಹಾಕಿದ್ದ ಅಂಗಡಿಯಲ್ಲಿ ನನ್ನ ವಯಸ್ಸಿನವರೇ ಒಬ್ಬರು ಕೂತಿದ್ದರು. ಟ್ಯಾಬ್ಲೆಟ್ಟಿನ ಹೆಸರು ಕೇಳಿ ಎರಡು ಡಬ್ಬಿ ತೆಗೆದಿಟ್ಟರು.

ಒಂದು ಚಿಕ್ಕದು, ಮೂವತ್ತು ವ್ಯಾಟ್, ಸಾವಿರದ ಇನ್ನೂರು ರೂಪಾಯಿ. ಇನ್ನೊಂದರ ಮೇಲೆ ಅರವತ್ತೈದು ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು, ಒಂಬೈನೂರು. ಚಿಕ್ಕದನ್ನು ನನ್ನ ಕಡೆ ಸರಿಸಿ ಅವರು, "ನಿಮ್ ಟ್ಯಾಬ್‌ಗೆ ಇದು ಸರಿಹೋಯ್ತದೆ ಸಾರ್. ಅದು ಬ್ಯಾಡ, ಕೇಳೋರ್ಗೆ ಅಂತ ಮಡಗಿವ್ನಿ ಅಷ್ಟೇ" ಎಂದರು.

ಇಲ್ಲಿ ನನ್ನ ಕಸುಬಿನ ಒಂದು ಅಭ್ಯಾಸ ಹೇಳಬೇಕು. ನಾವು ಮಾಲು ನೋಡುವುದು ಕೈಯಿಂದ. ಟ್ಯೂಬ್‌ಲೈಟಿನ ಚೋಕಾಗಲಿ, ಫ್ಯಾನಿನ ಮೋಟಾರಾಗಲಿ, ಅಂಗೈ ಮೇಲಿಟ್ಟು ತೂಗುತ್ತೇವೆ. ಭಾರವಿದ್ದರೆ ಒಳಗೆ ತಾಮ್ರವಿದೆ, ಹಗುರವಿದ್ದರೆ ಮೋಸ. ವೈರಾದರೆ ದಪ್ಪ ನೋಡುತ್ತೇವೆ, ತುದಿ ಸುಲಿದು ಎಳೆ ಎಣಿಸುತ್ತೇವೆ. ನನ್ನ ಗುರುಗಳು ಹಾಗೇ ಕಲಿಸಿದ್ದರು, ನಾನೂ ನಾಲ್ಕು ಜನಕ್ಕೆ ಹಾಗೇ ಕಲಿಸಿದ್ದೇನೆ. ಎರಡೂ ಚಾರ್ಜರ್ ಅಂಗೈ ಮೇಲಿಟ್ಟೆ. ಚಿಕ್ಕದು ಬೆಂಕಿಪೊಟ್ಟಣದಷ್ಟೂ ತೂಗಲಿಲ್ಲ. ದೊಡ್ಡದು ಕೈಯನ್ನು ಕೆಳಕ್ಕೆ ಜಗ್ಗಿತು.

"ಇದು ಮಾಲು ಅಂದ್ರೆ" ಎಂದೆ.

"ತೂಕ ನೋಡಿ ತಕೋಬ್ಯಾಡಿ ಸಾರ್. ಈಗಿನ ಮಾಲು ಅಂಗಿಲ್ಲ."

"ನಂಗೇ ಕರೆಂಟಿನ ಪಾಠ ಹೇಳ್ತೀರೇನ್ರೀ? ಮೂವತ್ತೊಂದು ವರ್ಷ ಇದೇ ಕೆಲ್ಸ ಮಾಡಿದೀನಿ" ಎಂದು ರೇಗಿದೆ.

ಅವರು ಕೈ ಚೆಲ್ಲಿದರು. "ನಿಮ್ಮಿಷ್ಟ ಬುಡಿ. ವೈರ್ ಯಾವ್ದ್ ಕೊಡ್ಲಿ?" ತೆಳುವಾದದ್ದನ್ನು ದೂಡಿ, ಪೆನ್ಸಿಲಿನಷ್ಟು ದಪ್ಪದ್ದನ್ನು ತೆಗೆದುಕೊಂಡೆ. ದುಡ್ಡು ಉಳಿಸಲು ಮಾಡಿದ್ದಲ್ಲ. ಜೇಬಿನಲ್ಲಿ ನಾಲ್ಕು ಸಾವಿರವಿತ್ತು. ಭಾರವಾದದ್ದು ಅದಕ್ಕಿಂತ ದುಬಾರಿಯಾಗಿದ್ದರೂ ಅದನ್ನೇ ಕೊಳ್ಳುತ್ತಿದ್ದೆ.

ಮಧ್ಯಾಹ್ನ ಜೋಡಿಸಿದೆ. ಒಂದು ಗಂಟೆಯಲ್ಲಿ ಚಾರ್ಜು ಶೇಕಡಾ ಹದಿನೆಂಟು ಏರಿತು. ಹೇಮಾ ಕಣ್ಣರಳಿಸಿದಳು. ಪ್ಲಗ್ಗು ಸಡಿಲವಾಗಬಾರದೆಂದು ಎರಡೂ ಕಡೆ ಇನ್ಸುಲೇಷನ್ ಟೇಪು ಸುತ್ತಿ, "ಇದನ್ನ ಯಾವ ಕಾರಣಕ್ಕೂ ತೆಗೀಬೇಡ ಕಣಮ್ಮ, ಹಗಲೂ ರಾತ್ರಿ ಹಾಕೇ ಇರ್ಲಿ" ಎಂದೆ. ಟ್ಯಾಬ್ಲೆಟ್ಟಿನ ಲೋಹದ ಬೆನ್ನಿಗೆ ಅಭ್ಯಾಸದಂತೆ ಬೆರಳಿನ ಹಿಂಬದಿ ತಾಗಿಸಿದಾಗ ಸಣ್ಣಗೆ ಜುಮ್ಮೆಂದಿತು. ಟೆಸ್ಟರ್ ಇಟ್ಟೆ, ದೀಪ ಮಿಣುಕಿತು. "ಎರಡು ಪಿನ್ನಿನ ಚಾರ್ಜರ್‌ಗೆ ಅರ್ತ್ ಇರಲ್ಲ, ಇಷ್ಟು ಜುಮ್ ಅನ್ನೋದು ಮಾಮೂಲಿ" ಎಂದು ನಾನೇ ಸಮಾಧಾನ ಹೇಳಿಬಿಟ್ಟೆ.

ಸಂಜೆ ಅಕ್ಕ ಏನೋ ಬರೆಯಲು ಹೊರಟಳು. ಒಂದು ಅಕ್ಷರ ಒತ್ತಿದರೆ ಪರದೆಯ ಮೇಲೆ ಐದಾರು ಮೂಡಿದವು. ಟ್ಯಾಬ್ಲೆಟ್ಟು "ಕಕಕ ಪೊ ಪೊ ಟರ" ಎಂದು ಅರ್ಥವಿಲ್ಲದ್ದನ್ನು ಗಟ್ಟಿಯಾಗಿ ಓದಿತು. ಅಳಿಸಿ ಮತ್ತೆ ಒತ್ತಿದಳು, ಮತ್ತೆ ಹಾಗೇ. ಅಳಿಸಲು ಹೋದರೂ ಇನ್ನಷ್ಟು ಬಂದವು.

"ನೆನ್ನೆವರ್ಗೂ ಸರ್ಯಾಗೇ ಬರೀತಿದ್ರಲ್ಲ ಮಾವ" ಎಂದು ಹೇಮಾ ಗಾಬರಿಯಾದಳು.

"ಸುಸ್ತಾಗಿದಾಳೆ, ಮಲಗಿಸು" ಎಂದೆ. ಆ ಬೆರಳೂ ಹೋಗುತ್ತಿದೆಯೇನೋ ಎಂದು ಒಳಗೆ ಹೆದರಿದ್ದೆ. ಚಾರ್ಜರಿನ ಮೇಲೆ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

ಬುಧವಾರ ಹನ್ನೊಂದಕ್ಕೆ ಹಿನಕಲ್ ಕಡೆಯ ಆಸ್ಪತ್ರೆ. ಮನೆಯಿಂದ ಏಳೆಂಟು ಕಿಲೋಮೀಟರು, ಗಾಲಿಕುರ್ಚಿ ಹಿಡಿಯುವಂಥ ಗಾಡಿಗೆ ಆರುನೂರು ಕೊಟ್ಟೆವು. ಮಳೆ ಹನಿಯುತ್ತಿತ್ತು. ಡಾಕ್ಟರಮ್ಮನ ಕೋಣೆಯ ಗೋಡೆಯ ಪ್ಲಗ್ಗಿಗೆ ನಾನೇ ಚಾರ್ಜರ್ ಸಿಕ್ಕಿಸಿ, ಅಲ್ಲೂ ಟೇಪು ಸುತ್ತಿದೆ. ದಾರಿಯಲ್ಲಿ ಆರಿಸಿಟ್ಟಿದ್ದರಿಂದ ಚಾರ್ಜು ತೊಂಬತ್ತೆಂಟು ತೋರಿಸುತ್ತಿತ್ತು. ಮಾತು ಮುಗಿಯುವ ತನಕ ಕರೆಂಟು ಕೈಕೊಡುವುದಿಲ್ಲ ಎಂದು ನೆಮ್ಮದಿಯಾಗಿ ಹಿಂದೆ ನಿಂತೆ.

ಡಾಕ್ಟರಮ್ಮ ಒಳ್ಳೆಯವರು. ಕುರ್ಚಿ ಹತ್ತಿರ ಎಳೆದುಕೊಂಡು ಅಕ್ಕನ ಕೈ ಮುಟ್ಟಿ, "ನಿಧಾನವಾಗಿ ಹೇಳಿ ಸರೋಜಮ್ಮ, ನಂಗೆ ಅವಸರ ಇಲ್ಲ" ಎಂದರು. ಅಕ್ಕ ಬೆರಳೂರಿದಳು. "ಯಯ ಮಮ ತ ಟೊ ಟೊ" ಎಂದಿತು ಟ್ಯಾಬ್ಲೆಟ್ಟು. ಮತ್ತೆ ಒತ್ತಿದಳು. ಅಕ್ಷರಗಳು ಬೆರಳು ಇಲ್ಲದ ಕಡೆಯಲ್ಲೆಲ್ಲ ಬಿದ್ದವು. ಹತ್ತು ನಿಮಿಷ ಹೀಗೇ ನಡೆಯಿತು. ಅಕ್ಕನಿಗೆ ಅಳು ಬಂತು. ಈ ಕಾಯಿಲೆಯಲ್ಲಿ ಅಳು ಶುರುವಾದರೆ ತಡೆಯಲು ಆಗುವುದಿಲ್ಲ.

"ಯಂತ್ರ ಬೇಕು ಅಂದ್ರೆ ಒಂದು ಸಲ ಕಣ್ಣು ಮುಚ್ಚಿ, ಬೇಡ ಅಂದ್ರೆ ಎರಡು ಸಲ" ಎಂದರು ಡಾಕ್ಟರಮ್ಮ. ಅಳುವ ಕಣ್ಣು ಎಷ್ಟು ಸಲ ಮುಚ್ಚಿತೆಂದು ಯಾರು ಎಣಿಸುವುದು? ಆಮೇಲೆ ಅವಳು ಕಣ್ಣು ತಿರುಗಿಸಿ ಗೋಡೆಯನ್ನೇ ನೋಡತೊಡಗಿದಳು. ಕರೆದರೂ ಇತ್ತ ತಿರುಗಲಿಲ್ಲ.

ಡಾಕ್ಟರಮ್ಮ ನಮ್ಮನ್ನು ಹೊರಗೆ ಕರೆದರು. ಕೆಲವರಲ್ಲಿ ಈ ಕಾಯಿಲೆ ಬುದ್ಧಿಗೂ ತಾಗುತ್ತದೆ, ಎರಡು ವಾರ ಬಿಟ್ಟು ಮತ್ತೆ ನೋಡೋಣ ಎಂದರು. "ಅಷ್ಟರೊಳಗೆ ಉಸಿರು ಕಟ್ಟಿದ್ರೆ ಏನು ಮಾಡ್ಬೇಕು ಅಂತ ಮನೆಯವರು ಬರೆದುಕೊಡ್ಬೇಕಾಗುತ್ತೆ." ಹೇಮಾ ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಏನ್ ಮಾಡ್ಲಿ ಮಾವ? ಅಮ್ಮಂಗೆ ಈಗ ಏನೂ ಗೊತ್ತಾಗ್ತಿಲ್ವಲ್ಲ."

"ಉಳಿಸಿಕೊಳ್ಳೋಣ ಕಣಮ್ಮ. ಯಂತ್ರ ಹಾಕಿ ಅಂತ ಬರ್ದುಕೊಡು" ಎಂದೆ. ಬರೆದುಕೊಟ್ಟಳು.

ಗುರುವಾರ ಬೆಳಿಗ್ಗೆ ಅಕ್ಕ ಸ್ವಲ್ಪ ಹೊತ್ತು ಬೆರಳು ಆಡಿಸಿದಳು, ಟ್ಯಾಬ್ಲೆಟ್ಟಿನ ಬಡಬಡಿಕೆ ಕೇಳಲಾರದೆ ಹೇಮಾ ಅದರ ದನಿಯನ್ನೇ ನಿಲ್ಲಿಸಿಬಿಟ್ಟಳು. ನಾನು ಪಕ್ಕದಲ್ಲಿ ಕೂತು ಚಿಕ್ಕಂದಿನ ಕಥೆ ಹೇಳಿದೆ, ಬುದ್ಧಿ ಕಳೆದುಕೊಂಡವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. ಅವಳು ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ, ಮತ್ತೆ ಗೋಡೆಯ ಕಡೆ ತಿರುಗಿದಳು. ಅಲ್ಲಿ ಪ್ಲಗ್ಗಿತ್ತು. ನನಗೆ ಗೋಡೆ ಮಾತ್ರ ಕಂಡಿತು.

ಶುಕ್ರವಾರ ಬೆಳಿಗ್ಗೆ ಚಾರ್ಜರ್ ಮುಟ್ಟಲಾಗದಷ್ಟು ಬಿಸಿಯಾಗಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಕೆಸರೆಯಲ್ಲಿ ಭಾಗ್ಯಮ್ಮ ಎಂಬ ಹೆಂಗಸು ಇಂಥದ್ದನ್ನೆಲ್ಲ ಚೆನ್ನಾಗಿ ರಿಪೇರಿ ಮಾಡುತ್ತಾಳೆಂದು ಕೆಳಗಿನ ಮನೆಯವರು ಹೇಳಿದರು. ಟ್ಯಾಬ್ಲೆಟ್ಟನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಆಷಾಢ ಶುಕ್ರವಾರ, ಬಸ್ಸುಗಳೆಲ್ಲ ಚಾಮುಂಡಿಬೆಟ್ಟದ ಕಡೆ. ಕೆಸರೆಯ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಬಸ್ಸಿನ ತುಂಬ ಹೆಂಗಸರು, ಟಿಕೆಟ್ಟಿಗೆ ದುಡ್ಡು ಕೊಟ್ಟವರು ನಾನು ಮತ್ತು ಇನ್ನಿಬ್ಬರು ಗಂಡಸರು.

ಭಾಗ್ಯಮ್ಮನದು ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಮೂಗಿನ ಮೇಲೆ ಕನ್ನಡಕ. ಚಾರ್ಜರಿಗೂ ವೈರಿಗೂ ನಡುವೆ ಹೆಬ್ಬೆರಳಿನಷ್ಟು ಚಿಕ್ಕ ಮೀಟರೊಂದನ್ನು ಸಿಕ್ಕಿಸಿ ನೋಡಿದಳು.

"ಅರವತ್ತೈದು ಅಂತ ಬರ್ದವರೆ, ಹತ್ತೂ ಕೊಡ್ತಿಲ್ಲ ಕಣಣ್ಣ. ಡಬ್ಬಿ ಮ್ಯಾಲೆ ಏನ್ ಬೇಕಾದ್ರೂ ಬರೀಬೋದು. ಒಳ್ಳೆ ಚಾರ್ಜರ್ ಮೊದ್ಲು ಟ್ಯಾಬ್‌ನ ಕೇಳ್ತದೆ, ನಿಂಗೆಷ್ಟು ಬೇಕು ಅಂತ. ಆಮೇಲೆ ಅಷ್ಟೇ ಕೊಡ್ತದೆ. ವೈರೂ ಅದನ್ನ ತಡ್ಕೊಳೋದಿರ್ಬೇಕು. ಇದಕ್ಕೆ ಕೇಳೋ ಪದ್ಧತೀನೇ ಇಲ್ಲ, ಸುಮ್ನೆ ತುರುಕ್ತದೆ." ಟ್ಯಾಬ್ಲೆಟ್ಟಿನ ಬೆನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. "ಇದೇನ್ ಇಂಗೆ ಜುಮ್ ಅಂತದೆ? ಬರೆಯೋವಾಗ ಅಕ್ಷರ ಕುಣೀತಾವಾ?"

"ಕುಣಿಯೋದು ಅಂದ್ರೆ?"

ಅವಳು ತಾನೇ ಬರೆದು ತೋರಿಸಿದಳು. ಅವಳ ಗಟ್ಟಿ ಬೆರಳಿಗೂ "ಕಕಕ ಪೊ ಪೊ" ಎಂದೇ ಬಂತು. ವೈರ್ ಕಿತ್ತಳು. ಅಕ್ಷರಗಳು ಒಂದೊಂದಾಗಿ, ಸಾಲಾಗಿ ನಿಂತವು. ಮತ್ತೆ ಹಾಕಿದಳು, ಮತ್ತೆ ಕುಣಿದವು. "ಕೆಟ್ಟ ಚಾರ್ಜರ್‌ನಿಂದ ಸೋರೋ ಕರೆಂಟು ಪರದೆಗೆ ಬೆರಳು ಮುಟ್ದಂಗೇ ಕಾಣ್ತದೆ. ಬರೆಯೋರ್ ತಪ್ಪಲ್ಲ ಅದು. ಯಾರ್ ಬರೀತಿದ್ರು?"

ನಾನು ಹೇಳಿದೆ. ಹೇಳುತ್ತಿದ್ದಂತೆ ಅವಳು ಪರದೆಯನ್ನು ಮೇಲಕ್ಕೆ ಸರಿಸಿ, ಮೂರು ದಿನದಿಂದ ಅಲ್ಲೇ ಉಳಿದಿದ್ದ ಅಕ್ಷರದ ಕಸವನ್ನೆಲ್ಲ ಕನ್ನಡಕ ಏರಿಸಿ ನೋಡಿದಳು. "ಅಣ್ಣ, ಇಲ್ನೋಡು" ಎಂದಳು ಮೆಲ್ಲಗೆ. ಆ ಕಸದ ಮಧ್ಯೆ ಒಂದು ಕಡೆ "ತೆಗಿ" ಎಂದಿತ್ತು. ನಾಲ್ಕು ಸಾಲು ಬಿಟ್ಟು ಮತ್ತೆ "ತೆಗಿ". ಬರೆದ ದಿನವೂ ಹೊತ್ತೂ ಪಕ್ಕದಲ್ಲೇ ನಮೂದಾಗಿದ್ದವು: ಬುಧವಾರದ ಹನ್ನೊಂದು ಗಂಟೆಯ ಕೆಳಗೆ ಎರಡು ಕಡೆ, ಗುರುವಾರ ಬೆಳಿಗ್ಗೆ "ವೈ", ಒಂದಷ್ಟು ಕಸ, ಆಮೇಲೆ "ತೆಗಿ". ಅಕ್ಕನ ಬುದ್ಧಿ ನೆಟ್ಟಗಿತ್ತು. ನಮ್ಮೆಲ್ಲರಿಗಿಂತ ಮೊದಲು ಟ್ಯಾಬ್ಲೆಟ್ಟಿನ ಕಾಯಿಲೆ ಏನೆಂದು ಅವಳಿಗೇ ಗೊತ್ತಾಗಿತ್ತು. ಜೀವವಿರುವ ಒಂದೇ ಬೆರಳಿನಲ್ಲಿ ಆ ಜುಮ್ಮು ತಡೆದುಕೊಂಡು, ವೈರ್ ತೆಗಿ ಎಂದು ನನಗೇ ಹೇಳುತ್ತಿದ್ದಳು.

ಹೇಮಾಳಿಗೆ ಫೋನು ಮಾಡಿದೆ. "ಅಮ್ಮಂಗೇನೂ ಆಗಿಲ್ಲ ಕಣಮ್ಮ, ಚಾರ್ಜರಿಂದು ತಪ್ಪು" ಎಂದು ಶುರುಮಾಡಿದೆ. ಅವಳು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಅಮ್ಮಂಗೆ ಉಸಿರು ಸಿಗ್ತಿಲ್ಲ ಮಾವ, ಆಂಬುಲೆನ್ಸಲ್ಲಿದೀವಿ, ಆಸ್ಪತ್ರೆಗೇ ಬನ್ನಿ" ಎಂದಳು.

ಭಾಗ್ಯಮ್ಮ ತನ್ನಲ್ಲಿದ್ದ ಚಿಕ್ಕ ಚಾರ್ಜರ್ ಒಂದನ್ನು ಮೀಟರ್ ಹಾಕಿ ನೋಡಿ, ಅದಕ್ಕೆ ತಕ್ಕ ವೈರ್ ಸೇರಿಸಿ ಕೊಟ್ಟಳು. ಅಂಗಡಿಯವರು ನನ್ನ ಕಡೆ ಸರಿಸಿದ್ದಂಥದ್ದೇ, ಹಗುರವಾದದ್ದು. ನನ್ನದನ್ನು ಬಡಿದು ಒಡೆದಾಗ ಒಳಗೆ ಬೆರಳುದ್ದದ ಕಬ್ಬಿಣದ ತುಂಡೊಂದನ್ನು ಗೋಂದಿನಲ್ಲಿ ಅಂಟಿಸಿದ್ದು ಕಂಡಿತು. ಯಾವ ಕೆಲಸಕ್ಕೂ ಅಲ್ಲ, ಬರೀ ತೂಕಕ್ಕೆ. ದಪ್ಪ ವೈರಿನೊಳಗೆ ಕೂದಲಿನಂಥ ನಾಲ್ಕು ಎಳೆ. "ಕೈಯಲ್ಲಿ ತೂಗಿ ನೋಡೋರ್ಗೆ ಅಂತಾನೇ ಮಾಡ್ತಾರೆ ಇದ" ಎಂದಳು.

ಕೆಸರೆಯಿಂದ ಹಿನಕಲ್ಲಿಗೆ ರಿಂಗ್ ರಸ್ತೆಯಲ್ಲಿ ಆಟೋಗೆ ಮುನ್ನೂರು ಕೊಟ್ಟೆ. ದಾರಿಯುದ್ದಕ್ಕೂ ದೇವರೇ ಹತ್ತು ನಿಮಿಷ ಕೊಡಪ್ಪ ಎಂದು ಬೇಡಿಕೊಂಡೆ. ನಾನು ತಲುಪಿದಾಗ ಒಂದೂಮುಕ್ಕಾಲು. ಫೈಲಿನಲ್ಲಿ ಹೇಮಾಳ ಸಹಿ ಇತ್ತು, ಅದರಂತೆ ಆಸ್ಪತ್ರೆಯವರು ಬಾಯಿಂದ ಉಸಿರಿನ ಕೊಳವೆ ಇಳಿಸಿ ಆಗಿತ್ತು. ಮರುದಿನ ಗಂಟಲಿಗೆ ತೂತು ಮಾಡಿ ಯಂತ್ರ ಜೋಡಿಸಿದರು. ನಡೆದದ್ದನ್ನು ಹೇಮಾಳಿಗೆ ಹೊರಗಿನ ಬೆಂಚಿನ ಮೇಲೆ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಸಂಜೆ ನಾಲ್ಕಕ್ಕೆ ಟ್ಯಾಬ್ಲೆಟ್ಟು ಒಳಗೆ ಒಯ್ಯಲು ಬಿಟ್ಟರು. ಚಿಕ್ಕ ಚಾರ್ಜರ್ ಸಿಕ್ಕಿಸಿ, ಹೇಮಾ ನಿಲ್ಲಿಸಿದ್ದ ದನಿಯನ್ನು ಮತ್ತೆ ಹಾಕಿದೆ. ಬೆನ್ನು ಮುಟ್ಟಿ ನೋಡಿದೆ, ಜುಮ್ ಅನ್ನಲಿಲ್ಲ. ಅಕ್ಕನ ಕೈ ಎತ್ತಿ ಪರದೆಯ ಮೇಲಿಟ್ಟೆ. ಬೆರಳು ಮೊದಲಿಗಿಂತ ನಿಧಾನವಾಗಿತ್ತು. ಒಂದು ಸಾಲಿಗೆ ನಾಲ್ಕೈದು ನಿಮಿಷ ಹಿಡಿಯಿತು. ಪಕ್ಕದಲ್ಲಿ ಯಂತ್ರ ಉಸಿರು ತುಂಬುತ್ತಿತ್ತು, ಬಿಡುತ್ತಿತ್ತು.

"ಇದು ಬೇಡ ಅನ್ನೋಕೆ ಬಂದಿದ್ದೆ ಅವತ್ತು" ಎಂದಿತು ಟ್ಯಾಬ್ಲೆಟ್ಟು, ಒಂದಕ್ಷರವೂ ತಪ್ಪದೆ.

ಹೇಮಾ ಹಾಸಿಗೆಯ ಅಂಚಿಗೆ ಹಣೆ ಹಚ್ಚಿ ಕೂತುಬಿಟ್ಟಳು. "ನಿನ್ ತಪ್ಪಲ್ಲ ಮಗಳೇ" ಎಂದು ಬಂತು ಮುಂದಿನ ಸಾಲು. ಡಾಕ್ಟರಮ್ಮ ಬಂದು ಎರಡು ಸಾಲನ್ನೂ ಓದಿದರು. ಯಂತ್ರ ಹಾಕಲು ಒಂದು ಸಹಿ ಸಾಕು, ಹಾಕಿದ್ದನ್ನು ತೆಗೆಯುವುದು ಬೇರೆಯೇ ಮಾತು ಎಂದರು. ಅದಕ್ಕೆ ಬೇರೆ ಕಾಗದ, ಬೇರೆ ಡಾಕ್ಟರುಗಳ ಒಪ್ಪಿಗೆ, ಎಷ್ಟು ದಿನ ಎಂದು ಹೇಳಲಾಗುವುದಿಲ್ಲ. "ಅಷ್ಟು ದಿನವೂ ಅವರು ಸ್ಪಷ್ಟವಾಗಿ ಹೇಳ್ತಾ ಇರ್ಬೇಕು" ಎಂದು ಅಕ್ಕನ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ನಾನು ಮಂಚದ ಹತ್ತಿರ ಹೋದೆ. "ಅಕ್ಕ, ಅಂಗಡಿಯವ್ನು ಬೇಡ ಅಂದ. ನಾನೇ ತೂಕ ನೋಡಿ..." ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಬೆರಳು ಆಡಿಸಿದಳು. ನಾನು ಪರದೆ ನೋಡದೆ ದನಿಗಾಗಿ ಕಾದೆ.

"ಊರಿಗೆ ಹೋಗು. ಈ ಚಾರ್ಜರ್ ಬಿಟ್ಟು ಹೋಗು."

ಸೋಮವಾರ ರೈಲಿಗೆ ಮುಂಚೆ ಒಮ್ಮೆ ಆಸ್ಪತ್ರೆಗೆ ಹೋದೆ. ಒಳಗೆ ಬಿಡುವ ಹೊತ್ತಲ್ಲ, ಗಾಜಿನ ಈಚೆ ನಿಂತೆ. ಕಬ್ಬಿಣದ ತುಂಡು ಜೇಬಿನಲ್ಲಿತ್ತು. ಯಾಕೆ ಇಟ್ಟುಕೊಂಡಿದ್ದೆನೋ ಗೊತ್ತಿಲ್ಲ. ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ, ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಪ್ಲಗ್ಗಿತ್ತು. ಈ ಸಲ ನನಗೂ ಕಂಡಿತು. ಅದಕ್ಕೆ ನಾನು ಟೇಪು ಸುತ್ತಿರಲಿಲ್ಲ.